ಕಲ್ಲಿನೊಡನೆ ಬಂದ ಹವಳ

ಕೆಲವು ವರ್ಷಗಳ ಕೆಳಗೆ, ಮುಂಬಯಿಯ ಕರಾವಳಿ ರಸ್ತೆಯ ಕೆಲಸವು ಇನ್ನೂ ಆರಂಭವಾಗದಿದ್ದ ಕಾಲದಲ್ಲಿ, ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಒಂದು ಸೋಮವಾರ ಬೆಳಿಗ್ಗೆ ಬಿಸ್ಕತ್ತಿನ ಡಬ್ಬಿಯೊಂದನ್ನು ಎದೆಗವಚಿಕೊಂಡು ಶಾಲೆಗೆ ಬಂದನು. ಡಬ್ಬಿಯಲ್ಲಿ ಸಮುದ್ರದ ನೀರು. ನೀರಿನಲ್ಲಿ ಅಂಗೈಯಗಲದ ಒಂದು ಕರಿಗಲ್ಲು. ಹಿಂದಿನ ದಿನ ಹಾಜಿ ಅಲಿಯ ಬಳಿ ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಣ ಹೊಂಡದಿಂದ ಅದನ್ನು ಎತ್ತಿ ತಂದಿದ್ದನು. ಕಲ್ಲಿನ ಒಂದು ಮಗ್ಗುಲಲ್ಲಿ ಶರ್ಟಿನ ಗುಂಡಿಯಷ್ಟು ದೊಡ್ಡದಾದ, ಕಂದುಬಣ್ಣದ, ಲೋಳೆಯಂತಹ ಏನೋ ಒಂದು ಅಂಟಿಕೊಂಡಿತ್ತು.

“ಸರ್, ಇದು ಹವಳವೇ?” ಎಂದು ಅವನು ಕೇಳಿದನು.

“ಅಲ್ಲಪ್ಪಾ, ಹವಳ ಕೆಂಪಗಿರುತ್ತದೆ. ಇದು ಬರಿಯ ಪಾಚಿ” ಎಂದೆವು ನಾವು. ಹಾಗೆಂದರೂ ಹುಡುಗನ ಉತ್ಸಾಹವನ್ನು ಕುಗ್ಗಿಸಲು ಮನಸ್ಸು ಬರಲಿಲ್ಲ. ಡಬ್ಬಿಯ ನೀರು ಕಲಕಿಹೋಗಿದ್ದುದರಿಂದ, ನಲ್ಲಿಯ ನೀರಿಗೆ ಅಡಿಗೆಯ ಉಪ್ಪನ್ನು ಬೆರಸಿ, ಗಾಜಿನ ಜಾಡಿಯೊಂದರಲ್ಲಿ ಕಲ್ಲನ್ನು ಇಟ್ಟು, ಕಿಟಕಿಯ ಬಿಸಿಲಿನಲ್ಲಿ ನಿಲ್ಲಿಸಿದೆವು. ಮರುದಿನ ಬೆಳಿಗ್ಗೆ ಜಾಡಿಯ ನೀರು ಹಾಲಿನಂತೆ ಬೆಳ್ಳಗಾಗಿ, ತರಗತಿಯಲ್ಲೆಲ್ಲ ದುರ್ವಾಸನೆ ಹಬ್ಬಿತ್ತು. ಕಲ್ಲನ್ನು ತೊಳೆದಾಗ ಲೋಳೆಯೆಲ್ಲ ಕಳಚಿಹೋಗಿ, ಅದರ ಕೆಳಗೆ ಬೆಳ್ಳನೆಯ ಚಿಕ್ಕದೊಂದು ಬಟ್ಟಲು ಕಾಣಿಸಿತು. ಬಟ್ಟಲಿನ ಅಂಚಿನಿಂದ ನಡುವಿನ ಕಡೆಗೆ ಕಾಗದದಷ್ಟು ತೆಳ್ಳನೆಯ ಸುಣ್ಣದ ಗೋಡೆಗಳು ಗಾಲಿಯ ಅರೆಕಾಲುಗಳಂತೆ ಹರಿದು ಬಂದಿದ್ದುವು. ಹುಡುಗನು ಬೆರಳಿಟ್ಟು ಎಣಿಸಿದನು: ದೊಡ್ಡವು ಆರು, ಅವುಗಳ ನಡುವೆ ಚಿಕ್ಕವು ಮತ್ತೆ ಆರು, ಇನ್ನೂ ಸಣ್ಣವು ಹಲವು. ಅದು ಹವಳವೇ ಆಗಿತ್ತು. ನಾವು ಪಾಚಿಯೆಂದು ಕರೆದ ಪ್ರಾಣಿಯು ನಮ್ಮ ಕಣ್ಣೆದುರಿಗೆ, ನಮ್ಮ ಕೈಯಿಂದಲೇ ಸತ್ತಿತ್ತು.

ಆ ಒಂದು ದಿನದಲ್ಲಿ ನಾವು ಮಾಡಿದ ತಪ್ಪುಗಳು ಎರಡು. ಗುರುತಿಸದೆ ಹೆಸರಿಟ್ಟುದು ಮೊದಲನೆಯದು. ಅದು ಇದ್ದ ಸ್ಥಳದ ಗುಣವನ್ನು ಅರಿಯದೆ ಬೇರೆ ಸ್ಥಳದಲ್ಲಿ ಇರಿಸಿದುದು ಎರಡನೆಯದು. ಈ ಎರಡು ಕೆಲಸಗಳನ್ನು, ಎಂದರೆ ಕಲ್ಲಿನೊಡನೆ ತಾನಾಗಿ ಬಂದ ಹವಳವನ್ನು ಗುರುತಿಸುವುದನ್ನೂ ಅದನ್ನು ಕೊಲ್ಲದೆ ಸ್ಥಳಾಂತರಿಸುವುದನ್ನೂ, ಮನೆಯ ಗಾಜಿನ ತೊಟ್ಟಿಗಳಲ್ಲಿ ಸಮುದ್ರಜೀವಿಗಳನ್ನು ಸಾಕುವವರು ಬಹಳ ಜಾಗರೂಕತೆಯಿಂದ ಮಾಡುತ್ತಾರೆ. ಆ ಘಟನೆಯ ಬಳಿಕ ನಾವು ಅವರ ಅನುಭವವನ್ನು ಓದಿ ತಿಳಿದುಕೊಂಡುದರಲ್ಲಿ ಮುಖ್ಯವಾದುದನ್ನು ಇಲ್ಲಿ ನಿಮ್ಮ ಮುಂದಿಡುತ್ತೇವೆ.

ಮೊದಲು ಹವಳವೆಂದರೇನು ಎಂಬುದು ಸ್ಪಷ್ಟವಾಗಬೇಕು. ನಿಮ್ಮ ತಾಯಂದಿರ ಸರದಲ್ಲಿಯೋ ಅಜ್ಜಿಯರ ಉಂಗುರದಲ್ಲಿಯೋ ಇರುವ ಕೆಂಪು ಹವಳವು ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದ ಆಳದಲ್ಲಿ ಬೆಳೆಯುವ ಒಂದು ಜಾತಿಗೆ ಸೇರಿದುದು. ಹವಳದ ದಿಬ್ಬಗಳನ್ನು ಕಟ್ಟುವ ಜಾತಿಗಳು ಬೇರೆ. ಅವು ಕಂದು, ಹಸುರು, ಬೂದು, ಹಳದಿ ಮುಂತಾದ ನಾನಾ ಬಣ್ಣಗಳಲ್ಲಿರುತ್ತವೆ. ನವರತ್ನಗಳಲ್ಲಿ ಸೇರಿರುವ ಕಾರಣ ಅದನ್ನು ಕಲ್ಲೆಂದು ತಿಳಿದವರುಂಟು. ಕೊಂಬೆಗಳಿರುವ ಕಾರಣ ಗಿಡವೆಂದು ತಿಳಿದವರೂ ಉಂಟು. ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯನು, ಹವಳದ ‘ಹೂವು’ಗಳೆಂದು ಆಗಿನ ಪಂಡಿತರು ಕರೆಯುತ್ತಿದ್ದುವು ನಿಜವಾಗಿ ಪುಟ್ಟ ಪ್ರಾಣಿಗಳೆಂದು ಹೇಳಿದಾಗ, ಪ್ಯಾರಿಸ್ಸಿನ ವಿದ್ವಾಂಸರು ಅವನ ಮಾತನ್ನು ನಂಬಲಿಲ್ಲ. ಪೇಸೊನೆಲನ ಮಾತೇ ಸತ್ಯವೆಂದು ಒಪ್ಪಲು ಕೆಲವು ದಶಕಗಳೇ ಹಿಡಿದುವು. ಪಂಡಿತರೇ ಎಡವಿದ ಸ್ಥಳದಲ್ಲಿ ನಾವೂ ಎಡವಿದೆವು ಎಂಬುದೊಂದು ಸಮಾಧಾನ!

ಈ ಪುಟ್ಟ ಪ್ರಾಣಿಗೆ ಪಾಲಿಪ್ ಎಂದು ಹೆಸರು. ಅದರ ದೇಹವು ಒಂದು ಮೃದುವಾದ ಚೀಲ. ಚೀಲಕ್ಕೆ ಒಂದೇ ಬಾಯಿ. ಬಾಯಿಯ ಸುತ್ತಲೂ ಬೆರಳುಗಳಂತಹ ಕರಬಳ್ಳಿಗಳು. ಕರಬಳ್ಳಿಗಳಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕುಟುಕುವ ಕೋಶಗಳಿವೆ. ಕಲ್ಲುಹವಳಗಳ ಪಾಲಿಪ್ ತನ್ನ ಕೆಳಗೆ ಸುಣ್ಣದ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ. ಅನೇಕ ಜಾತಿಗಳಲ್ಲಿ ಒಂದು ಪಾಲಿಪ್ ಎರಡಾಗಿ, ಎರಡು ನಾಲ್ಕಾಗಿ, ಬಟ್ಟಲಿನ ಪಕ್ಕದಲ್ಲಿ ಬಟ್ಟಲು ಸೇರಿ ಸಮೂಹವಾಗುತ್ತದೆ. ಹವಳದ ಮರಿಯಾದರೋ ಸಾಸಿವೆಯಷ್ಟೂ ದೊಡ್ಡದಲ್ಲ. ಅದು ಕೆಲವು ಕಾಲ ನೀರಿನಲ್ಲಿ ಈಜುತ್ತಾ ತೇಲುತ್ತಾ ಇದ್ದು, ತಕ್ಕ ಕಲ್ಲು ಸಿಕ್ಕಿದೊಡನೆ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿಕೊಂಡಿತೆಂದರೆ ಅದೇ ಅದರ ಮನೆ. ತಾನಾಗಿ ಎದ್ದು ಹೋಗುವ ಶಕ್ತಿ ಅದಕ್ಕಿಲ್ಲ. ಸ್ಥಳಾಂತರದ ಕಷ್ಟವೆಲ್ಲವೂ ಈ ಒಂದು ಸಂಗತಿಯಿಂದಲೇ ಹುಟ್ಟಿದೆ.

ಇನ್ನು ಮನೆಯ ತೊಟ್ಟಿಯ ವಿಚಾರ. ಅಮೆರಿಕದಲ್ಲಿ, ವಿಶೇಷವಾಗಿ ಫ್ಲಾರಿಡಾ ಪ್ರಾಂತದಲ್ಲಿ, ಉಪ್ಪುನೀರಿನ ತೊಟ್ಟಿಗಳಿಗೆ ‘ಜೀವಂತ ಕಲ್ಲು’ಗಳನ್ನು ಹಾಕುವ ಪದ್ಧತಿಯಿದೆ. ಕಲ್ಲಿಗೆ ಜೀವವೆಲ್ಲಿಯದು ಎಂದು ನೀವು ಕೇಳಬಹುದು. ಕಲ್ಲಿಗಿಲ್ಲ, ಕಲ್ಲಿನ ರಂಧ್ರಗಳಲ್ಲಿ ವಾಸಿಸುವ ಸೂಕ್ಷ್ಮಾಣುಗಳಿಗಿದೆ. ಮೀನುಗಳ ಮಲಮೂತ್ರದಿಂದಲೂ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯಾ ಸೇರುತ್ತದೆ, ಅದು ವಿಷ. ಈ ಸೂಕ್ಷ್ಮಾಣುಗಳು ಅಮೋನಿಯಾವನ್ನು ನೈಟ್ರೈಟಾಗಿಯೂ, ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಹಿಂದೆ ಜನರು ಇಂತಹ ಕಲ್ಲುಗಳನ್ನು ಸಮುದ್ರದ ತಳದಿಂದಲೇ ಕಿತ್ತು ಮಾರುತ್ತಿದ್ದರು. ಅದರಿಂದ ಸಮುದ್ರತಳವು ಬರಿದಾಗತೊಡಗಿದುದರಿಂದ, ಫ್ಲಾರಿಡಾದ ಸುತ್ತಲಿನ ಸಮುದ್ರದಲ್ಲಿ 1997ರ ವೇಳೆಗೆ ಆ ಕೆಲಸವನ್ನು ನಿಷೇಧಿಸಲಾಯಿತು. ಈಗ ಅಲ್ಲಿನ ಕೃಷಿಕರು (ಹೌದು, ಇದೂ ಒಂದು ಕೃಷಿಯೇ) ನೆಲದ ಗಣಿಗಳಿಂದ ಸುಣ್ಣಕಲ್ಲನ್ನು ತಂದು, ಸರಕಾರದಿಂದ ಗುತ್ತಿಗೆಗೆ ಪಡೆದ ಸಮುದ್ರತಳದಲ್ಲಿ ಹರಡಿ, ವರ್ಷಗಟ್ಟಲೆ ಕಾದು, ಅದರ ಮೇಲೆ ಜೀವಿಗಳು ನೆಲೆಸಿದ ಮೇಲೆ ಎತ್ತಿ ಮಾರುತ್ತಾರೆ. ಹಾಗೆ ನೆಲೆಸಿದ ಜೀವಿಗಳಲ್ಲಿ ಹವಳದ ಮರಿಗಳೂ ಇರುತ್ತವೆ. ಕೊಂಡವನು ಕಲ್ಲಿಗೆ ಹಣ ಕೊಟ್ಟಿರುತ್ತಾನೆ. ಹವಳವು ನಮ್ಮ ಲೋಕಲ್ ಗಾಡಿಯ ಟಿಕೆಟ್ಟಿಲ್ಲದ ಪ್ರಯಾಣಿಕನಂತೆ ಸದ್ದಿಲ್ಲದೆ ಬಂದಿರುತ್ತದೆ. ಎರಡು ಮೂರು ತಿಂಗಳ ಬಳಿಕ ಒಂದು ರಾತ್ರಿ ಕಲ್ಲಿನ ಸಂದಿಯಲ್ಲಿ ಏನೋ ಅರಳಿರುವುದು ಅವನಿಗೆ ಕಾಣಿಸುತ್ತದೆ. ಅವನೂ ನಮ್ಮ ವಿದ್ಯಾರ್ಥಿಯಂತೆಯೇ ‘ಇದು ಹವಳವೇ?’ ಎಂದು ಕೇಳಿಕೊಳ್ಳುತ್ತಾನೆ.

ಗುರುತಿಸುವ ಕೆಲಸಕ್ಕೆ ಬೇಕಾದ ಸಲಕರಣೆಗಳು ಕೆಲವೇ: ಒಂದು ಭೂತಕನ್ನಡಿ, ಒಂದು ಬ್ಯಾಟರಿ ದೀಪ, ಒಂದು ತೆಳುಕಡ್ಡಿ, ಒಂದು ನೋಟುಬುಕ್ಕು. ತಾಳ್ಮೆಯನ್ನು ಅಂಗಡಿಯಲ್ಲಿ ಕೊಳ್ಳಲಾಗದು. ಅನೇಕ ಹವಳಗಳು ಹಗಲಿನಲ್ಲಿ ಮುದುಡಿಕೊಂಡಿದ್ದು ರಾತ್ರಿಯಲ್ಲಿ ಅರಳುವುದರಿಂದ, ತೊಟ್ಟಿಯ ದೀಪ ಆರಿ ಒಂದೆರಡು ಗಂಟೆಗಳಾದ ಮೇಲೆ, ಬ್ಯಾಟರಿಯ ಗಾಜಿಗೆ ಕೆಂಪು ಕಾಗದವನ್ನು ಸುತ್ತಿ ನೋಡಬೇಕು. ಕೆಂಪು ಬೆಳಕಿಗೆ ಅವು ಅಷ್ಟಾಗಿ ಮುದುಡುವುದಿಲ್ಲ.

ಮೊದಲು ಎಣಿಸಬೇಕಾದುದು ಕರಬಳ್ಳಿಗಳನ್ನು. ಅವು ಸರಿಯಾಗಿ ಎಂಟು ಇದ್ದು, ಒಂದೊಂದೂ ಹಕ್ಕಿಯ ಗರಿಯಂತೆ ಇಕ್ಕೆಲಗಳಲ್ಲಿಯೂ ಸಣ್ಣ ಎಳೆಗಳನ್ನು ಹೊಂದಿದ್ದರೆ, ಅದು ಮೆದುಹವಳಗಳ ವರ್ಗಕ್ಕೆ ಸೇರಿದುದು. ನಿಮ್ಮ ಅಜ್ಜಿಯ ಕೆಂಪು ಹವಳವೂ, ಗಟ್ಟಿಯಾಗಿದ್ದರೂ, ಈ ಎಂಟರ ಮನೆತನದ್ದೇ. ಎಂಟಕ್ಕಿಂತ ಹೆಚ್ಚಿದ್ದು, ನುಣುಪಾಗಿದ್ದರೆ, ಅದು ಆರರ ಲೆಕ್ಕದ ವರ್ಗ. ಇಲ್ಲಿಯೇ ಎಡವುವ ಸಂಭವ ಹೆಚ್ಚು. ಏಕೆಂದರೆ ಕಲ್ಲುಹವಳಗಳೂ ಕಡಲಹೂಗಳೂ ಈ ಒಂದೇ ವರ್ಗದ ದಾಯಾದಿಗಳು. ಕಡಲಹೂವಿಗೆ ಸುಣ್ಣದ ಬಟ್ಟಲಿಲ್ಲ, ಹವಳಕ್ಕಿದೆ. ಆದುದರಿಂದ ತೆಳುಕಡ್ಡಿಯಿಂದ ಅಂಚನ್ನು ಮೆಲ್ಲನೆ ಮುಟ್ಟಬೇಕು. ಪ್ರಾಣಿಯು ಕುಗ್ಗಿ ಕೆಳಗೆ ನಕ್ಷತ್ರದಂತೆ ಗೋಡೆಗಳಿರುವ ಬಿಳಿಯ ಬಟ್ಟಲು ಕಾಣಿಸಿದರೆ ಅದು ಹವಳ. ಉದ್ದವಾದ ಕಾಂಡವು ಸರಕ್ಕನೆ ಕಲ್ಲಿನ ತೂತಿನೊಳಗೆ ಸೇದಿಕೊಂಡು, ಹಿಂದೆ ಏನೂ ಉಳಿಯದಿದ್ದರೆ ಅದು ಬಹುತೇಕ ಕಡಲಹೂ.

ತೊಟ್ಟಿ ಸಾಕುವವರು ಬಹಳ ಅಂಜುವ ಕಡಲಹೂವೊಂದಿದೆ. ಅದರ ಹೆಸರು ಐಪ್ಟೇಸಿಯಾ. ಕಂದುಛಾಯೆಯ, ಗಾಜಿನಂತೆ ಪಾರದರ್ಶಕವಾದ, ನೋಡಲು ಅತಿ ಸುಂದರವಾದ ಪ್ರಾಣಿ. ಹವಳವೆಂದು ಭ್ರಮಿಸಿ ಅದನ್ನು ಸಾಕಿದವರು ಪಶ್ಚಾತ್ತಾಪಪಡುತ್ತಾರೆ. ಅದು ಬೇಗನೆ ಹೆಚ್ಚಿ ನೆರೆಯ ಹವಳಗಳನ್ನೆಲ್ಲ ಕುಟುಕಿ ಕೊಲ್ಲುತ್ತದೆ. ಹಾಗೆಂದು ಚಾಕುವಿನಿಂದ ಕೆರೆದು ತೆಗೆದರೆ ಇನ್ನೂ ಕೇಡು: ಕಲ್ಲಿನಲ್ಲುಳಿದ ಚೂರುಗಳಿಂದ ಹೊಸ ಹೊಸ ಪ್ರಾಣಿಗಳು ಹುಟ್ಟುತ್ತವೆ. ರಕ್ತಬೀಜಾಸುರನ ಕಥೆಯನ್ನು ನೀವು ಕೇಳಿದ್ದೀರಿ. ಅದನ್ನು ತಿನ್ನುವ ಒಂದು ಜಾತಿಯ ಸಿಗಡಿಯನ್ನೋ, ಬರ್ಗಿಯಾ ಎಂಬ ಸಣ್ಣ ಸಮುದ್ರದ ಬಸವನಹುಳುವನ್ನೋ ತೊಟ್ಟಿಗೆ ಬಿಡುವುದು ಬಲ್ಲವರ ಉಪಾಯ.

ಇನ್ನೊಂದು ದಾಯಾದಿಯ ವಿಷಯದಲ್ಲಿ ಎಚ್ಚರಿಕೆಯನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಜೊಯಾಂತಿಡ್ ಎಂಬವು ಗುಂಡಿಗಳನ್ನು ಒತ್ತಾಗಿ ಜೋಡಿಸಿಟ್ಟಂತೆ, ಚರ್ಮದಂತಹ ಹಾಸಿನ ಮೇಲೆ ಗುಂಪಾಗಿ ಬೆಳೆಯುವ ಪ್ರಾಣಿಗಳು. ಅವಕ್ಕೂ ಸುಣ್ಣದ ಬಟ್ಟಲಿಲ್ಲ. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಘೋರವಿಷವಿದೆ. ವಿಜ್ಞಾನಿಗಳು ಅದನ್ನು ಹವಾಯಿ ದ್ವೀಪದ ಪ್ರಾಣಿಯಿಂದ ಬೇರ್ಪಡಿಸಿ 1971ರಲ್ಲಿ ಪ್ರಕಟಪಡಿಸಿದರು. ಇಂತಹ ಪ್ರಾಣಿಗಳಿದ್ದ ಕಲ್ಲನ್ನು ಸ್ವಚ್ಛಮಾಡಲೆಂದು ಕುದಿಯುವ ನೀರಿನಲ್ಲಿ ಹಾಕಿ, ಆ ಹಬೆಯನ್ನು ಉಸಿರಾಡಿದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ನಡೆದಿವೆ. ಆದುದರಿಂದ ಅಪರಿಚಿತವಾದ ಸಮುದ್ರದ ಕಲ್ಲನ್ನು ಕುದಿಸಬಾರದು, ಬರಿಗೈಯಿಂದ ಉಜ್ಜಬಾರದು, ಗಾಯವಿರುವ ಕೈಯಿಂದಂತೂ ಮುಟ್ಟಲೇಬಾರದು. ಕೈಗವಸೂ ಕಣ್ಣಿಗೆ ಕನ್ನಡಕವೂ ಅವಶ್ಯ. ನಮ್ಮ ವಿದ್ಯಾರ್ಥಿಯ ಕಲ್ಲಿನ ಮೇಲಿದ್ದುದು ಬಡಪಾಯಿ ಹವಳವಾದುದು ನಮ್ಮ ಅದೃಷ್ಟ.

ಕಲ್ಲುಹವಳವೆಂದು ನಿಶ್ಚಯವಾದ ಮೇಲೆ, ಅದರ ಜಾತಿಯ ಹೆಸರಿಗಿಂತ ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ: ಅದು ಹೊಟ್ಟೆ ಹೊರೆಯುವುದು ಹೇಗೆ? ಹಲವು ಹವಳಗಳ ಮಾಂಸದೊಳಗೆ ಏಕಕೋಶದ ಸೂಕ್ಷ್ಮಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ಆಹಾರವನ್ನು ತಯಾರಿಸಿ ಅದರ ಬಹುಭಾಗವನ್ನು ಹವಳಕ್ಕೆ ಕೊಡುತ್ತವೆ. ಹವಳವು ಅವಕ್ಕೆ ಆಶ್ರಯವನ್ನು ಕೊಡುತ್ತದೆ. ಇಂತಹ ಹವಳಗಳು ಸಾಮಾನ್ಯವಾಗಿ ಕಂದಾಗಿರುತ್ತವೆ. ಆ ಬಣ್ಣ ಪಾಚಿಯದು. (ಪಾಚಿಯೆಂದ ನಮ್ಮ ಮಾತಿನಲ್ಲಿ ಕೂದಲೆಳೆಯಷ್ಟಾದರೂ ಸತ್ಯವಿರಬಹುದಾಗಿತ್ತು ಎಂದು ಆ ಹುಡುಗನೇ ಆಮೇಲೆ ನಕ್ಕು ಹೇಳಿದನು.) ಪಾಚಿಯ ನೆರವಿಲ್ಲದ ಹವಳಗಳೂ ಇವೆ. ಅವು ನೀರಿನಲ್ಲಿ ತೇಲಿಬರುವ ಸೂಕ್ಷ್ಮಜೀವಿಗಳನ್ನು ಹಿಡಿದು ತಿಂದೇ ಬದುಕಬೇಕು. ಬಂಡೆಯ ಅಡಿಮಗ್ಗುಲು, ಗುಹೆಯ ಮಾಳಿಗೆ ಮುಂತಾದ ನೆರಳಿನ ಸ್ಥಳಗಳೇ ಅವಕ್ಕೆ ಪ್ರಿಯ. ಮೊದಲನೆಯದನ್ನು ನೆರಳಿಗಿಟ್ಟರೆ ಹಸಿವಿನಿಂದ ಸಾಯುತ್ತದೆ. ಎರಡನೆಯದನ್ನು ದೀಪದ ಕೆಳಗಿಟ್ಟು ಆಹಾರ ಕೊಡದಿದ್ದರೆ ಅದೂ ಹಸಿವಿನಿಂದಲೇ ಸಾಯುತ್ತದೆ.

ಫ್ಲಾರಿಡಾದ ಕಲ್ಲುಗಳ ಮೇಲೆ ಬರುವ ಮೂರು ಹವಳಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸೈಡರಾಸ್ಟ್ರಿಯಾ ರೇಡಿಯನ್ಸ್ ಎಂಬುದು ಸಣ್ಣ ಸಣ್ಣ ನಕ್ಷತ್ರಾಕಾರದ ಕುಳಿಗಳನ್ನು ಒತ್ತಾಗಿ ಕೊರೆದಂತಿರುವ ಬೂದುಗಂದು ಬಣ್ಣದ ಹವಳ. ಮರಳು ಮುಚ್ಚಿದರೂ ನೀರಿನ ಬಿಸಿ ಹೆಚ್ಚುಕಡಿಮೆಯಾದರೂ ಬಹಳಮಟ್ಟಿಗೆ ತಾಳಿಕೊಳ್ಳುವ ಜಟ್ಟಿ. ಕ್ಲಾಡೊಕೋರಾ ಎಂಬುದು ಪೆನ್ಸಿಲಿಗಿಂತ ತೆಳ್ಳನೆಯ ಕೊಳವೆಗಳ ಗೊಂಚಲು. ಒಂದೊಂದು ಕೊಳವೆಯ ತುದಿಯಲ್ಲಿಯೂ ಒಂದೊಂದು ಕಂದು ಪಾಲಿಪ್. ಫಿಲ್ಲಾಂಜಿಯಾ ಎಂಬುದು ಸಂದುಗೊಂದುಗಳಲ್ಲಿ ಅಡಗಿ ಬೆಳೆಯುವ ಬಟ್ಟಲು ಹವಳ. ಆಹಾರವನ್ನು ಹಿಡಿದು ತಿನ್ನುವುದೇ ಅದರ ಮುಖ್ಯ ಜೀವನೋಪಾಯ. ಹಾಜಿ ಅಲಿಯ ಹವಳಗಳೂ ಫಿಲ್ಲಾಂಜಿಯಾದಂತೆ ಬಟ್ಟಲು ಹವಳಗಳೇ. ಎರಡು ಮಹಾಸಾಗರಗಳಾಚೆಯ ಗಾಜಿನ ತೊಟ್ಟಿಯ ಅತಿಥಿಗೂ ನಮ್ಮ ಊರಿನ ಬಂಡೆಯ ಗುಂಡಿಗೂ ಇರುವ ಈ ನಂಟನ್ನು ಓದಿ ತಿಳಿದಾಗ ನಮಗಾದ ಸಂತೋಷ, ಆ ಜಾಡಿಯ ನೆನಪಿನಿಂದ ಕೂಡಲೇ ಅರ್ಧವಾಯಿತು.

ಈಗ ಸ್ಥಳಾಂತರದ ವಿಷಯ. ಬಲ್ಲವರು ಕೊಡುವ ಮೊದಲನೆಯ ಸಲಹೆ, ಸಾಧ್ಯವಾದರೆ ಸ್ಥಳಾಂತರಿಸಬೇಡಿರಿ ಎಂಬುದು. ಹವಳವು ದಿನವೂ ಅರಳುತ್ತಿದ್ದು, ಅಂಚಿನಲ್ಲಿ ಹೊಸ ಸುಣ್ಣವನ್ನು ಕಟ್ಟುತ್ತಿದ್ದರೆ, ಅದು ತಾನಿರುವ ಸ್ಥಳಕ್ಕೆ ಒಪ್ಪಿಗೆ ಕೊಟ್ಟಿದೆ ಎಂದರ್ಥ. ನಮ್ಮ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಅದನ್ನು ಮುಂದಕ್ಕೆ ತರುವುದು ಅನ್ಯಾಯ. ಕೆಲವು ಸಂದರ್ಭಗಳಲ್ಲಿ ಮಾತ್ರ ಎತ್ತಲೇಬೇಕಾಗುತ್ತದೆ: ಬೆಳಕು ಬೇಕಾದ ಹವಳವು ಕಲ್ಲಿನ ಅಡಿಯಲ್ಲಿ ಸಿಕ್ಕಿಕೊಂಡಿದ್ದರೆ, ಮರಳು ಅದನ್ನು ಹೂಳುತ್ತಿದ್ದರೆ, ನೆರೆಯ ಹವಳವು ಅದನ್ನು ಕೊಲ್ಲುತ್ತಿದ್ದರೆ.

ಕಡೆಯದನ್ನು ಸ್ವಲ್ಪ ವಿವರಿಸಬೇಕು. ಅಲುಗಾಡದ ಈ ಪ್ರಾಣಿಗಳು ಎಷ್ಟು ಭಯಂಕರವಾಗಿ ಹೋರಾಡುತ್ತವೆಂಬುದನ್ನು ಜೂಡಿತ್ ಲ್ಯಾಂಗ್ ಎಂಬ ವಿಜ್ಞಾನಿ ಜಮೈಕಾದಲ್ಲಿ ಕಂಡರು. ಸ್ಕೊಲಿಮಿಯಾ ಎಂಬ ಬಟ್ಟಲು ಹವಳಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟಾಗ, ಕೆಲವು ತಮ್ಮ ಹೊಟ್ಟೆಯೊಳಗಿನ ಜೀರ್ಣಿಸುವ ಎಳೆಗಳನ್ನು ಹೊರಚಾಚಿ, ಪಕ್ಕದ್ದರ ಮಾಂಸವನ್ನು ಅದಿದ್ದಲ್ಲಿಯೇ ಕರಗಿಸಿಬಿಟ್ಟುವು. ಆದರೆ ಎಲ್ಲವೂ ಹಾಗೆ ಮಾಡಲಿಲ್ಲ. ಸ್ವಜಾತಿಯದನ್ನು ತಿನ್ನದೆ ಅನ್ಯಜಾತಿಯದನ್ನು ಮಾತ್ರ ತಿನ್ನುತ್ತಿರುವುದನ್ನು ಕಂಡು, ಅದುವರೆಗೆ ಒಂದೇ ಎಂದು ತಿಳಿದಿದ್ದ ಹವಳದಲ್ಲಿ ಬೇರೆ ಬೇರೆ ಜಾತಿಗಳಿವೆಯೆಂದು ಅವರು 1971ರಲ್ಲಿ ತೋರಿಸಿದರು. ಮನುಷ್ಯರು ಗುರುತಿಸಲಾರದ ಭೇದವನ್ನು ಹವಳಗಳೇ ಗುರುತಿಸಿದ್ದುವು! ಕೆಲವು ಹವಳಗಳು ರಾತ್ರಿಯಲ್ಲಿ ಕೆಲವು ಅಂಗುಲ ಉದ್ದದ ವಿಶೇಷ ಕರಬಳ್ಳಿಗಳನ್ನು ಬೀಸಿ ನೆರೆಯವನ್ನು ಕುಟುಕುವುದೂ ಉಂಟು. ಆದುದರಿಂದ ಹೊಸ ಸ್ಥಳವನ್ನು ಆರಿಸುವಾಗ ಹಗಲಿನ ಅಂತರವನ್ನು ನಂಬಬಾರದು. ಎರಡು ಹವಳಗಳ ನಡುವೆ ಒಂದು ಗೇಣಾದರೂ ಬಿಡುವುದು ಕ್ಷೇಮ.

ಎತ್ತುವ ಕ್ರಮ ಹೀಗೆ. ಮೊದಲು ಹವಳದ ಯಾವ ಮಗ್ಗುಲು ಮೇಲಕ್ಕಿದೆ, ಬೆಳಕು ಎಷ್ಟು ಬೀಳುತ್ತದೆ, ನೀರು ಯಾವ ಕಡೆಯಿಂದ ಹರಿಯುತ್ತದೆ ಎಂಬುದನ್ನು ನೋಟುಬುಕ್ಕಿನಲ್ಲಿ ಚಿತ್ರ ಸಹಿತವಾಗಿ ಬರೆದುಕೊಳ್ಳಬೇಕು. ಹವಳವನ್ನು ಎಂದಿಗೂ ಹಿಡಿದು ಕೀಳಬಾರದು. ಅದರ ಮಾಂಸವು ಒದ್ದೆಯ ಕಾಗದದಷ್ಟು ತೆಳುವು; ಕೆಳಗಿನ ಸುಣ್ಣವು ಚೂರಿಯಷ್ಟು ಹರಿತ. ಬೆರಳಿನಿಂದ ಒತ್ತಿದರೆ ಮಾಂಸವು ತನ್ನ ಎಲುಬಿನಿಂದಲೇ ಸೀಳಿಹೋಗುತ್ತದೆ. ಆದುದರಿಂದ ಹವಳದ ಕೆಳಗಿನ ಕಲ್ಲನ್ನೇ, ಸುತ್ತಲೂ ಒಂದು ಬೆರಳಗಲ ಬಿಟ್ಟು, ಸಣ್ಣ ಉಳಿಯಿಂದ ಮೆಲ್ಲನೆ ತಟ್ಟಿ ಬಿಡಿಸಬೇಕು. ಗಿಡವನ್ನು ಬೇರಿನ ಮಣ್ಣುಹೆಂಟೆಯ ಸಮೇತವಾಗಿ ತೆಗೆಯುವುದಿಲ್ಲವೆ, ಹಾಗೆ. ಕಲ್ಲಿಗೆ ಹಪ್ಪಳದಂತೆ ಹಬ್ಬಿದ ಹವಳವಾದರೆ ಉಳಿ ನಡೆಯದು. ಅದಕ್ಕೊಂದು ಜಾಣತನದ ಉಪಾಯವಿದೆ: ಅದರ ಅಂಚಿಗೆ ತಾಗುವಂತೆ ಚಿಕ್ಕ ಕಲ್ಲೊಂದನ್ನಿಟ್ಟು ಕಾಯುವುದು. ಕೆಲವು ತಿಂಗಳಲ್ಲಿ ಹವಳವು ತಾನಾಗಿ ಆ ಕಲ್ಲಿನ ಮೇಲೆ ಹಬ್ಬುತ್ತದೆ. ಆಗ ನಡುವೆ ಕತ್ತರಿಸಿ ಚಿಕ್ಕ ಕಲ್ಲನ್ನು ಕೊಂಡೊಯ್ಯಬಹುದು. ಹಳೆಯದು ಹಳೆಯ ಸ್ಥಳದಲ್ಲಿಯೇ ಉಳಿಯುತ್ತದೆ. ಇದಕ್ಕಿಂತ ಸಾಧುವಾದ ಸ್ಥಳಾಂತರವನ್ನು ನಾವು ಕಾಣೆವು.

ಎತ್ತಿದ ತುಂಡನ್ನು ಅದೇ ತೊಟ್ಟಿಯ ನೀರಿನಲ್ಲಿಯೇ ಇರಿಸಿಕೊಳ್ಳಬೇಕು. ನಮ್ಮ ಜಾಡಿಯಲ್ಲಿ ನಡೆದ ಅನರ್ಥದ ಕಾರಣವನ್ನು ಈಗ ಹೇಳಬಹುದು. ಸಮುದ್ರದ ನೀರಿನ ಒಂದು ಕಿಲೋಗ್ರಾಮಿನಲ್ಲಿ ಸುಮಾರು 35 ಗ್ರಾಮು ಲವಣಗಳಿರುತ್ತವೆ. ಅವೆಲ್ಲವೂ ಅಡಿಗೆಯ ಉಪ್ಪಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂ, ಸಲ್ಫೇಟ್, ಬೈಕಾರ್ಬೊನೇಟ್ ಇವೆಲ್ಲವೂ ಅದರಲ್ಲಿವೆ. ಹವಳವು ತನ್ನ ಬಟ್ಟಲನ್ನು ಕಟ್ಟುವುದು ಕ್ಯಾಲ್ಸಿಯಂ ಮತ್ತು ಕಾರ್ಬೊನೇಟಿನಿಂದ; ತೊಟ್ಟಿಯವರು ಒಂದು ಲೀಟರಿಗೆ 400ರಿಂದ 450 ಮಿಲಿಗ್ರಾಮು ಕ್ಯಾಲ್ಸಿಯಂ ಇರುವಂತೆ ನೋಡಿಕೊಳ್ಳುತ್ತಾರೆ. ನಾವು ಉಪ್ಪನ್ನು ಅಂದಾಜಿನಿಂದ ಹಾಕಿದೆವು. ನಲ್ಲಿಯ ನೀರಿನ ಕ್ಲೋರಿನ್ನನ್ನು ಮರೆತೆವು. ನೀರನ್ನು ಕದಲಿಸುವ ಏರ್ಪಾಡು ಮಾಡಲಿಲ್ಲ. 24ರಿಂದ 26 ಡಿಗ್ರಿಯಷ್ಟು ಹಿತವಾದ ಬಿಸಿ ಬೇಕಾದಲ್ಲಿ ಗಾಜಿನ ಜಾಡಿಯನ್ನು ಬಿಸಿಲಿಗೆ ಒಡ್ಡಿದೆವು. ಈ ನಾಲ್ಕರಲ್ಲಿ ಯಾವುದಾದರೊಂದೇ ಸಾಕಾಗಿತ್ತು.

ಹೊಸ ಸ್ಥಳದಲ್ಲಿ ಅಂಟಿಸಲು ಸಯನೋಆಕ್ರಿಲೇಟ್ ಎಂಬ ಅಂಟು ಬಳಕೆಯಲ್ಲಿದೆ. ಕಿತ್ತುಹೋದ ಚಪ್ಪಲಿಗೆ ಒಂದು ತೊಟ್ಟು ಹಾಕಿ ಒತ್ತಿದೊಡನೆ ಹಿಡಿದುಕೊಳ್ಳುವ ಅಂಟಿದೆಯಲ್ಲ, ಅದರದೇ ಗಟ್ಟಿಯಾದ ರೂಪ. ನೀರು ತಾಗಿದರೆ ಇನ್ನೂ ಬೇಗ ಬಿಗಿಯುತ್ತದೆ. ಅಂಟು ಕಲ್ಲಿಗೆ ಮಾತ್ರ ತಾಗಬೇಕು, ಮಾಂಸಕ್ಕೆ ತಾಗಕೂಡದು. ಬೆಳಕಿನ ಹವಳವನ್ನಾದರೂ ಒಮ್ಮೆಗೇ ದೀಪದ ಬಳಿಗೆ ಏರಿಸಬಾರದು. ನೆರಳಿನಲ್ಲಿದ್ದುದಕ್ಕೆ ಬೆಳಕು ಒಮ್ಮೆಲೆ ಹೆಚ್ಚಾದರೆ ಅದು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ಬೆಳ್ಳಗಾದ ಕೂಡಲೇ ಸಾಯುವುದಿಲ್ಲ. ಆದರೆ ಪಾಚಿ ಮರಳಿ ಬರದಿದ್ದರೆ ಉಪವಾಸ ಬಿದ್ದು ಸಾಯುತ್ತದೆ. ಆದುದರಿಂದ ತೊಟ್ಟಿಯ ತಳಭಾಗದಲ್ಲಿ ಮೊದಲಿಟ್ಟು, ವಾರಗಟ್ಟಲೆ ನೋಡಿ, ಹಂತಹಂತವಾಗಿ ಮೇಲೇರಿಸಬೇಕು. ಅಂಚಿನಲ್ಲಿ ಮಾಂಸವು ಹಿಂಜರಿದು ಬಿಳಿಯ ಸುಣ್ಣ ಕಾಣತೊಡಗಿದರೆ ಸ್ಥಳವು ಒಗ್ಗಿಲ್ಲವೆಂದು ತಿಳಿಯಬೇಕು. ಹಾಗೆಂದು ದಿನಕ್ಕೊಂದು ಸಲ ಜಾಗ ಬದಲಾಯಿಸುವವರೂ ಇದ್ದಾರಂತೆ. ವರ್ಷದಲ್ಲಿ ಮೂರು ಸಲ ಬಿಡಾರ ಬದಲಿಸಿದ ಸಂಸಾರಗಳ ಮಕ್ಕಳು ನಮ್ಮ ತರಗತಿಯಲ್ಲಿಯೂ ಇದ್ದೀರಿ. ಅದರ ಆಯಾಸವನ್ನು ನಿಮಗೆ ನಾವು ಹೇಳಬೇಕಾಗಿಲ್ಲ.

ತೊಟ್ಟಿಯಲ್ಲಿ ಬೇಡವಾದ ಅತಿಥಿಯನ್ನು ಸಮುದ್ರಕ್ಕೆ ಎಸೆದುಬಿಡಬಹುದಲ್ಲ ಎಂದು ತೋರಬಹುದು. ಅದು ಎಲ್ಲಕ್ಕಿಂತ ಕೆಟ್ಟ ಸ್ಥಳಾಂತರ. ಟ್ಯೂಬಾಸ್ಟ್ರಿಯಾ ಎಂಬ ಕಿತ್ತಳೆ ಬಣ್ಣದ ಹವಳವು ಮೂಲತಃ ಹಿಂದೂ ಮತ್ತು ಪೆಸಿಫಿಕ್ ಮಹಾಸಾಗರಗಳದು. 1943ರಲ್ಲಿ ಅದು ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೋ ಮತ್ತು ಕುರಸಾವ್ ದ್ವೀಪಗಳಲ್ಲಿ ಇರುವುದು ವರದಿಯಾಯಿತು. ಹಡಗುಗಳ ತಳಕ್ಕೆ ಅಂಟಿಕೊಂಡು ಬಂದಿರಬೇಕೆಂದು ವಿಜ್ಞಾನಿಗಳ ಊಹೆ. ಈಗ ಅದು ಮೆಕ್ಸಿಕೋ ಕೊಲ್ಲಿಯ ಎಣ್ಣೆಬಾವಿಗಳ ಕಂಬಗಳ ಮೇಲೆಯೂ ಬ್ರೆಜಿಲಿನ ತೀರದಲ್ಲಿಯೂ ಹಬ್ಬಿ, ಅಲ್ಲಿನ ಮೂಲನಿವಾಸಿಗಳ ಜಾಗವನ್ನು ಕಬಳಿಸುತ್ತಿದೆ.

ನಮ್ಮ ದೇಶದ ಕಾನೂನನ್ನೂ ನೀವು ಅರಿತಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಕಲ್ಲುಹವಳಗಳೆಲ್ಲವನ್ನೂ ಸೇರಿಸಲಾಯಿತು. ಹುಲಿಗಿರುವ ರಕ್ಷಣೆಯೇ ಗುಂಡಿಯಷ್ಟರ ಬಟ್ಟಲು ಹವಳಕ್ಕೂ ಇದೆ. ಸಮುದ್ರದಿಂದ ಎತ್ತುವುದು, ಮಾರುವುದು, ಮನೆಯಲ್ಲಿಡುವುದು, ಜೀವಂತವಾಗಿರಲಿ ಸತ್ತಿರಲಿ, ಅಪರಾಧ. ನಮ್ಮ ಬಿಸ್ಕತ್ತಿನ ಡಬ್ಬಿಯೂ ಅಪರಾಧವೇ ಆಗಿತ್ತು. ವಿದ್ಯಾರ್ಥಿಗೆ ತಿಳಿಯದಿದ್ದುದು ಸಹಜ, ಉಪಾಧ್ಯಾಯರಿಗೆ ತಿಳಿಯದಿದ್ದುದು ನಾಚಿಕೆ. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಹವಳಗಳನ್ನು ನೋಡಲು ಹೋಗುವವರೂ ಇದನ್ನು ನೆನಪಿಡಬೇಕು.

ಕರಾವಳಿ ರಸ್ತೆಯು ವರ್ಲಿ ಮತ್ತು ಹಾಜಿ ಅಲಿಯ ಬಂಡೆಗಳ ಮೇಲೆ ಹಾಯಬೇಕಾಗಿ ಬಂದಾಗ ಈ ಕಾನೂನೇ ಅಡ್ಡನಿಂತು, ಹವಳಗಳನ್ನು ಎತ್ತಲು ವಿಶೇಷ ಅನುಮತಿಯನ್ನು ಪಡೆಯಬೇಕಾಯಿತು. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಆ ಬಂಡೆಗಳಲ್ಲಿ ಹುಡುಕಿ ಗುರುತಿಸಿದ 18 ಸಮೂಹಗಳನ್ನು 2020ರ ನವೆಂಬರಿನಲ್ಲಿ ಸ್ಥಳಾಂತರಿಸಲಾಯಿತು. ಕೆಲವನ್ನು ವರ್ಲಿಯಲ್ಲಿಯೇ ಸ್ವಲ್ಪ ದೂರಕ್ಕೆ, ಕೆಲವನ್ನು ಕೊಲಾಬಾದ ನೌಕಾನಗರದ ತೀರಕ್ಕೆ. ಅವುಗಳಲ್ಲಿ ಬಹುಪಾಲು ಬದುಕಿಕೊಂಡುವೆಂದು ಆಮೇಲೆ ವರದಿಯಾಯಿತು. ಪತ್ರಿಕೆಯಲ್ಲಿ ಆ ಸುದ್ದಿ ಬಂದ ದಿನ, ಆಗ ಕಾಲೇಜಿಗೆ ಹೋಗುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿಯು ಫೋನು ಮಾಡಿ, “ಸರ್, ನಾನು ತಂದ ಕಲ್ಲನ್ನು ಅಲ್ಲಿಯೇ ಬಿಟ್ಟಿದ್ದರೆ ಹತ್ತೊಂಬತ್ತಾಗುತ್ತಿತ್ತು” ಎಂದನು. ನಾವು ಉತ್ತರ ಕೊಡಲಿಲ್ಲ.

ಆ ಕಲ್ಲನ್ನು ನಾವಿಬ್ಬರೂ ಮುಂದಿನ ಭಾನುವಾರವೇ ಕೊಂಡೊಯ್ದು ಅದೇ ಹೊಂಡದಲ್ಲಿ ಇಟ್ಟು ಬಂದಿದ್ದೆವು. ಇಡುವ ಮೊದಲು ಹುಡುಗನು ಬಂಡೆಯ ಮೇಲೆ ಕುಳಿತು ಅದರ ಚಿತ್ರವನ್ನು ತನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡನು. ಆರು ಉದ್ದನೆಯ ಗೆರೆಗಳು, ಆರು ಗಿಡ್ಡ ಗೆರೆಗಳು, ಪಕ್ಕದಲ್ಲಿ ದಿನಾಂಕ. ಆ ಹಾಳೆ ಈಗ ನಮ್ಮ ವಿಜ್ಞಾನದ ಕಪಾಟಿನ ಒಳಬಾಗಿಲಿಗೆ ಅಂಟಿಸಿದೆ. ನೋಡಬೇಕೆನ್ನುವವರು ಮಧ್ಯಾಹ್ನದ ಬಿಡುವಿನಲ್ಲಿ ಬಂದು ಕೇಳಬಹುದು.